ಮೊಬೈಲ್‌ನಲ್ಲಿ ಓದಿದವರಿಗೆ ರೋಗ ಹೊಳೆಯುವುದೇ ಇಲ್ಲವೇ?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಬಿ.ಎಸ್ಸಿ. ನರ್ಸಿಂಗ್ ಓದುವಾಗ ಕೋವಿಡ್ ಬಂತು. ಮೂರನೇ ವರ್ಷದ ಬಹುಪಾಲು ಮೊಬೈಲ್‌ನಲ್ಲೇ ಮುಗಿಯಿತು. ಮನೆಯಲ್ಲಿ ನೆಟ್‌ವರ್ಕ್ ಸಿಗದೆ ಗುಡ್ಡ ಹತ್ತಿ ಕ್ಲಾಸ್ ಕೇಳುತ್ತಿದ್ದೆ. ಮಾರ್ಕ್ಸ್ ಚೆನ್ನಾಗಿಯೇ ಬಂತು. ಆದರೆ ಈಗ ಜ್ವರ ಅಂತ ಯಾರಾದರೂ ಎದುರು ಬಂದು ಕೂತರೆ ಪುಸ್ತಕದ್ದೆಲ್ಲ ನೆನಪಾಗುತ್ತದೆ, ಇವರಿಗೆ ಏನಿರಬಹುದು ಅನ್ನೋದು ಮಾತ್ರ ಹೊಳೆಯುವುದಿಲ್ಲ. ಇ-ಸಂಜೀವಿನಿಯಲ್ಲಿ (ಸರ್ಕಾರದ ಆನ್‌ಲೈನ್ ವೈದ್ಯ ಸಲಹೆ ಸೇವೆ) ಡಾಕ್ಟರು 'ನಿಮಗೇನು ಅನ್ನಿಸುತ್ತೆ?' ಎಂದು ಕೇಳಿದರೆ ತಡವರಿಸುತ್ತೇನೆ. 'ದೂರದಿಂದ ಕಲಿತವರಿಗೆ ಕ್ಲಿನಿಕಲ್ ಸೆನ್ಸ್ ಬರೋದಿಲ್ಲ' ಎಂದು ಹಿರಿಯ ಸಿಸ್ಟರ್ ಒಬ್ಬರು ನೇರವಾಗಿಯೇ ಅಂದರು. ಈಗ ಕ್ಲಿನಿಕಲ್ ರೀಸನಿಂಗ್, ಅಂದರೆ ಲಕ್ಷಣ ನೋಡಿ ರೋಗ ಊಹಿಸುವ ಬಗೆ, ಕಲಿಸುತ್ತೇವೆ ಎಂಬ ಆರು ತಿಂಗಳ ಆನ್‌ಲೈನ್ ಕೋರ್ಸಿನ ಜಾಹೀರಾತು ನೋಡಿದೆ. ಫೀಸು ನನ್ನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ. ಅದಕ್ಕೆ ಸೇರಲೇ? ಕೆಲಸ ಬಿಟ್ಟು ಎಂ.ಎಸ್ಸಿ. ಮಾಡಲೇ? ಅಥವಾ ಇದು ನನ್ನ ಹಣೆಬರಹ ಎಂದು ಸುಮ್ಮನಿರಲೇ?

ಉತ್ತರ: ನಿಮಗೆ ವಿಷಯ ಗೊತ್ತಿಲ್ಲ ಅಂತ ಅಲ್ಲ. ಡೆಂಗಿ ಲಕ್ಷಣ ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತೀರಿ. ಆದರೆ ರೋಗಿ ಡೆಂಗಿ ಅಂತ ಚೀಟಿ ಅಂಟಿಸಿಕೊಂಡು ಬರುವುದಿಲ್ಲ. 'ಮೈಕೈ ಎಲ್ಲಾ ಹಿಡ್ಕೊಂಡಿದೆ, ಏಳಕ್ಕೇ ಆಗ್ತಿಲ್ಲ' ಎಂದು ಬರುತ್ತಾರೆ. ಪುಸ್ತಕ ರೋಗದ ಹೆಸರಿನಿಂದ ಶುರುವಾಗಿ ಲಕ್ಷಣಕ್ಕೆ ಬರುತ್ತದೆ. ನೀವು ಲಕ್ಷಣದಿಂದ ಶುರುಮಾಡಿ ಹೆಸರಿಗೆ ಹೋಗಬೇಕು. ಆ ಕಡೆಯಿಂದ ನಡೆದು ನಿಮಗೆ ಅಭ್ಯಾಸವಿಲ್ಲ. ಇದಕ್ಕೆಲ್ಲ ಮೊಬೈಲ್ ಕ್ಲಾಸೇ ಕಾರಣ, ಇನ್ನು ಇದು ಸರಿಹೋಗುವುದಿಲ್ಲ ಎನ್ನುವುದು ನಿಮ್ಮ ಭಯ. ಅಭ್ಯಾಸವಿಲ್ಲ ಎನ್ನುವುದು ನಿಜ. ಮೊಬೈಲೇ ಕಾರಣ ಎನ್ನುವುದು ಅರ್ಧ ನಿಜ. ಸರಿಹೋಗುವುದಿಲ್ಲ ಎನ್ನುವುದು ಸುಳ್ಳು.

ಅರ್ಧ ನಿಜ ಯಾಕೆ ಅಂದರೆ, ನಾನು ಮೆಡಿಸಿನ್ ವಾರ್ಡಿನಲ್ಲಿ ಪಾಠ ಮಾಡುವವನು. ಕೋವಿಡ್‌ಗೆ ಮುಂಚಿನ ಬ್ಯಾಚುಗಳನ್ನೂ ನೋಡಿದ್ದೇನೆ. ಒಂದು ದಿನವೂ ಆನ್‌ಲೈನ್ ಪಾಠ ಕೇಳದವರು ಕೂಡ ಹೀಗೇ ತಡವರಿಸುತ್ತಿದ್ದರು. ರೌಂಡ್ಸ್ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಮಂಚದ ಸುತ್ತ ಹತ್ತಿಪ್ಪತ್ತು ಜನ. ಮುಂದಿನ ಸಾಲಿನ ಇಬ್ಬರು ಉತ್ತರ ಕೊಡುತ್ತಾರೆ. ಹಿಂದಿನವರು ಕೇಸ್ ಶೀಟ್ ಬರೆದುಕೊಳ್ಳುತ್ತಾರೆ. ಅದರಲ್ಲಿ ರೋಗದ ಹೆಸರು ಆಗಲೇ ಬರೆದಿರುತ್ತದೆ! ವಾರ್ಡಿನಲ್ಲಿ ನಿಂತರು ನಿಜ, ತೀರ್ಮಾನ ಒಂದೂ ಮಾಡಲಿಲ್ಲ. ಆಗುಂಬೆ ಘಾಟಿಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತು ಎಷ್ಟು ಸಲ ಇಳಿದರೂ ಸ್ಟಿಯರಿಂಗ್ ಹಿಡಿಯಲು ಬರುವುದಿಲ್ಲ, ಅಲ್ವಾ? ಹಾಗೆ.

ದೂರದಿಂದ ಕಲಿಯುವುದು ಕಳಪೆಯೇ ಎಂದು ತೂಗಿ ನೋಡಿದವರೂ ಇದ್ದಾರೆ. ಆರೋಗ್ಯ ವೃತ್ತಿಯವರಿಗೆ ಇಂಟರ್ನೆಟ್ ಮೂಲಕ ಕಲಿಸುವ ಬಗ್ಗೆ ನಡೆದ 201 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ವಿಶ್ಲೇಷಣೆಯೊಂದು 2008ರಲ್ಲಿ ಅಮೆರಿಕದ ಜಾಮಾ ಪತ್ರಿಕೆಯಲ್ಲಿ ಬಂತು. ಏನೂ ಕಲಿಸದೆ ಬಿಡುವುದಕ್ಕೆ ಹೋಲಿಸಿದರೆ ಆನ್‌ಲೈನ್ ಪಾಠದಿಂದ ದೊಡ್ಡ ಲಾಭ. ಕ್ಲಾಸ್‌ರೂಮಿನಂಥ ಮಾಮೂಲಿ ಪಾಠಕ್ಕೆ ಹೋಲಿಸಿದರೆ ಹೆಚ್ಚುಕಮ್ಮಿ ಸಮ. ಆಮೇಲಿನ ಸಂಶೋಧನೆಯಲ್ಲಿ ಇನ್ನೊಂದು ಅಂಶ ಕಂಡಿತು. ಆನ್‌ಲೈನ್ ಪಾಠಗಳೆಲ್ಲ ಒಂದೇ ಥರ ಅಲ್ಲ. ಕಲಿಯುವವರಿಂದ ಉತ್ತರ ಹೊರಡಿಸುವ, ಅಭ್ಯಾಸ ಮಾಡಿಸುವ, ಸರಿತಪ್ಪು ಹೇಳುವ ಪಾಠಗಳು ಸುಮ್ನೆ ನೋಡಿಸುವ ಪಾಠಗಳಿಗಿಂತ ಚೆನ್ನಾಗಿ ಕಲಿಸುತ್ತವೆ. ನೀವು ಗುಡ್ಡದ ಮೇಲೆ ಕೂತು ಕೇಳಿದ್ದು ಬಹುಶಃ ನೋಡಿಸುವ ಪಾಠ. ತೊಂದರೆ ಇದ್ದದ್ದು ಅಲ್ಲಿ.

ಇನ್ನು 'ಕ್ಲಿನಿಕಲ್ ಸೆನ್ಸ್' ವಿಷಯ. ನಮ್ಮ ಕಡೆ ಡಾಕ್ಟರ ಕೈಗುಣ ಅನ್ನುತ್ತೇವೆ. ಹುಟ್ಟಿನಿಂದ ಬಂದ ವರ ಎನ್ನುವಂತೆ. 1978ರಲ್ಲಿ ಅಮೆರಿಕದ ಎಲ್‌ಸ್ಟೈನ್ ಮತ್ತು ಸಂಗಡಿಗರು ವೈದ್ಯರು ಯೋಚಿಸುವ ಬಗೆಯನ್ನೇ ಅಧ್ಯಯನ ಮಾಡಿ ಪ್ರಕಟಿಸಿದರು. ಅನುಭವಿಗಳು ತಾಳ್ಮೆಯಿಂದ ಎಲ್ಲ ಮಾಹಿತಿ ಕೂಡಿಸಿ ಕೊನೆಗೆ ತೀರ್ಮಾನಕ್ಕೆ ಬರುತ್ತಾರೆ ಎಂದುಕೊಂಡಿದ್ದವರಿಗೆ ಆಶ್ಚರ್ಯ ಕಾದಿತ್ತು. ಮಾತು ಶುರುವಾದ ಸ್ವಲ್ಪ ಹೊತ್ತಿಗೇ ಎರಡು ಮೂರು ಊಹೆ ತಲೆಗೆ ಬಂದಿರುತ್ತದೆ. ಆಮೇಲೆ ಕೇಳುವ ಪ್ರಶ್ನೆಗಳೆಲ್ಲ ಆ ಊಹೆಗಳನ್ನು ತಿಕ್ಕಿ ನೋಡಲು. ಇನ್ನೊಂದು, ಒಂದು ಕೇಸಿನಲ್ಲಿ ಚುರುಕಾಗಿದ್ದ ವೈದ್ಯ ಮತ್ತೊಂದರಲ್ಲಿಯೂ ಚುರುಕು ಅಂತೇನಿರಲಿಲ್ಲ. ಅಂದರೆ ಎಲ್ಲ ರೋಗಕ್ಕೂ ನಡೆಯುವ 'ಯೋಚನಾಶಕ್ತಿ' ಅಂತ ಒಂದು ಪ್ರತ್ಯೇಕ ಸರಕು ಇಲ್ಲ. ಜ್ವರದ ಬುದ್ಧಿ ಜ್ವರ ನೋಡಿ ಬರುತ್ತದೆ. ಎದೆನೋವಿನ ಬುದ್ಧಿ ಎದೆನೋವು ನೋಡಿ. ಹಾಗಾಗಿ 'ಕ್ಲಿನಿಕಲ್ ರೀಸನಿಂಗ್ ಕಲಿಸುತ್ತೇವೆ' ಎಂಬ ಜಾಹೀರಾತು ಓದಿದಾಗ ನಾನು ಮೊದಲು ಕೇಳುವುದು, ಯಾವ ರೋಗಿಗಳ ಮೇಲೆ?

ಅನುಭವಿಗಳ ತಲೆಯಲ್ಲಿ ಪ್ರತಿ ರೋಗಕ್ಕೂ ಒಂದು ಚಿಕ್ಕ ಕಥೆ ಕಟ್ಟಿರುತ್ತದೆ. ಯಾರಿಗೆ ಬರುತ್ತದೆ, ಯಾವ ಕಾಲದಲ್ಲಿ, ಹೇಗೆ ಶುರುವಾಗುತ್ತದೆ, ಎಷ್ಟು ದಿನಕ್ಕೆ ಎಲ್ಲಿ ಮುಟ್ಟುತ್ತದೆ. ಶಿಕ್ಷಣದವರು ಇದಕ್ಕೆ ಇಲ್‌ನೆಸ್ ಸ್ಕ್ರಿಪ್ಟ್ ಅನ್ನುತ್ತಾರೆ. ಈ ಕಥೆ ಊರಿಂದೂರಿಗೆ ಬೇರೆ. ದೆಹಲಿಯಲ್ಲಿ ತಯಾರಾದ ವಿಡಿಯೊದಲ್ಲಿ ಜ್ವರ ಅಂದರೆ ಡೆಂಗಿ, ಮಲೇರಿಯಾ, ಟೈಫಾಯ್ಡ್. ಮಂಗನ ಕಾಯಿಲೆ ಬಂದರೆ ಒಂದು ಸ್ಲೈಡಿನ ಮೂಲೆಯಲ್ಲಿ. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಕಾಡಿನ ಉಣ್ಣೆ ಕಚ್ಚಿ ಬರುವ ರೋಗ ಅದು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಎಷ್ಟು ಕಾಡಿತು ಎನ್ನುವುದನ್ನು ನಿಮಗೆ ಹೇಳಬೇಕಾಗಿಲ್ಲ. ಹಾವು ಕಡಿತವೂ ಅಷ್ಟೇ. ನಮ್ಮ ದೇಶದಲ್ಲಿ ಸಿಗುವ ಆಂಟಿವೆನಮ್ ತಯಾರಾಗುವುದು ನಾಲ್ಕು ಹಾವುಗಳ ವಿಷಕ್ಕೆ: ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ. ನಮ್ಮ ತೋಟಗಳಲ್ಲಿ ಕಡಿಯುವ ಹಂಪ್ ನೋಸ್ಡ್ ಪಿಟ್ ವೈಪರ್ ಆ ಪಟ್ಟಿಯಲ್ಲಿಲ್ಲ. ಹೊರಗಿನ ಕೋರ್ಸಿನಲ್ಲಿ ಇದು ಬರದೇ ಹೋದರೆ ಅವರ ತಪ್ಪೂ ಅಲ್ಲ.

ಮಾತು ಸಾಕು, ಒಂದು ಕೇಸ್ ಕಟ್ಟೋಣ. ಜನವರಿ ತಿಂಗಳು. ನಲವತ್ತರ ಆಸುಪಾಸಿನ ಹೆಂಗಸು, ಮೂರು ದಿನದ ಜ್ವರ. ನೀವು ಇ-ಸಂಜೀವಿನಿಯಲ್ಲಿ ಡಾಕ್ಟರಿಗೆ ಹೀಗೆ ಹೇಳಿದಿರಿ ಅಂತಿಟ್ಟುಕೊಳ್ಳಿ: 'ಸರ್, ಜ್ವರ, ತಲೆನೋವು, ಮೈಕೈ ನೋವು, ವಾಂತಿ, ಬಿಪಿ ನೂರು ಎಪ್ಪತ್ತು, ಶುಗರ್ ನಾರ್ಮಲ್. ಏನು ಕೊಡಲಿ?' ಇದರಲ್ಲಿ ಸುಳ್ಳಿಲ್ಲ. ಆದರೆ ಇದು ಪಟ್ಟಿ. ಕೇಳಿದ ಡಾಕ್ಟರಿಗೂ ಏನೂ ಹೊಳೆಯುವುದಿಲ್ಲ. ಈಗ ಹೀಗೆ ಹೇಳಿ: 'ವಾರದ ಹಿಂದೆ ಕಾಡಿಗೆ ದರಗು (ಒಣ ಎಲೆ) ಗುಡಿಸಿ ತರಲು ಹೋಗಿದ್ದ ಹೆಂಗಸು. ಮೂರು ದಿನದ ಹಿಂದೆ ಇದ್ದಕ್ಕಿದ್ದಂತೆ ಚಳಿಜ್ವರ, ಹಣೆ ಸಿಡಿಯುವ ತಲೆನೋವು, ಏಳಲಾಗದ ಮೈನೋವು, ವಾಂತಿ. ಕಣ್ಣು ಕೆಂಪಾಗಿದೆ. ರಕ್ತಸ್ರಾವ ಇಲ್ಲ, ಪ್ರಜ್ಞೆ ಸರಿ ಇದೆ. ಅವರ ಕೇರಿಯ ಹತ್ತಿರ ಮಂಗ ಸತ್ತ ಸುದ್ದಿ ಇದೆ. ನನಗೆ ಮೊದಲು ಬರುವುದು ಮಂಗನ ಕಾಯಿಲೆ. ಸ್ಕ್ರಬ್ ಟೈಫಸ್ (ಪೊದೆಯ ಸಣ್ಣ ಹುಳು ಕಚ್ಚಿ ಬರುವ ಜ್ವರ, ಕಚ್ಚಿದಲ್ಲಿ ಕಪ್ಪು ಹಕ್ಕಳೆ ಕಾಣಬಹುದು) ಬಿಡಲಾಗುವುದಿಲ್ಲ. ಕಂಕುಳು, ತೊಡೆಸಂದು, ಎದೆಯ ಕೆಳಗೆ ಕಪ್ಪು ಹಕ್ಕಳೆ ಹುಡುಕಿದೆ, ಕಾಣಲಿಲ್ಲ. ರಕ್ತದ ಮಾದರಿ ಕಳಿಸಿ, ಇವತ್ತೇ ತಾಲ್ಲೂಕು ಆಸ್ಪತ್ರೆಗೆ ಕಳಿಸೋಣ ಅಂತಿದ್ದೇನೆ.' ರೋಗಿ ಅದೇ, ಜ್ವರ ಅದೇ. ಎರಡನೆಯದರಲ್ಲಿ ನೀವು ಒಂದು ಕಡೆ ನಿಂತಿದ್ದೀರಿ. ನಿಮ್ಮ ಊಹೆ ತಪ್ಪಿದ್ದರೆ ಎಲ್ಲಿ ತಪ್ಪಿತು ಅಂತ ಡಾಕ್ಟರಿಗೆ ಕಾಣುತ್ತದೆ, ತಿದ್ದುತ್ತಾರೆ. 'ಏನು ಕೊಡಲಿ' ಎಂದು ಕೇಳಿದವರನ್ನು ತಿದ್ದಲು ಏನೂ ಇರುವುದಿಲ್ಲ. ಮಾತ್ರೆಯ ಹೆಸರು ಹೇಳಿ ಇಟ್ಟುಬಿಡುತ್ತಾರೆ.

ಅದೇ ಕೇಸಿನಲ್ಲಿ ಒಂದೊಂದೇ ಎಳೆ ಬದಲಿಸಿ ನೋಡಿ. ಜನವರಿ ತೆಗೆದು ಜುಲೈ ಹಾಕಿ, ಕಾಡು ತೆಗೆದು ನಾಟಿ ಗದ್ದೆ ಹಾಕಿ, ಮೀನಖಂಡದ ನೋವು ಸೇರಿಸಿ. ಇಲಿಜ್ವರ ಮೇಲೆ ಬಂತು. ಈಗ ಮೂತ್ರ ಎಷ್ಟು ಹೋಗುತ್ತಿದೆ, ಕಣ್ಣು ಹಳದಿಯಾಗಿದೆಯಾ ಎನ್ನುವುದು ಮುಖ್ಯ ಪ್ರಶ್ನೆ. ಮಳೆ ಮುಗಿದ ಮೇಲಿನ ತಿಂಗಳು ಹಾಕಿ, ಪೊದೆ ಸವರಿದ ಕೆಲಸ ಸೇರಿಸಿ, ಒಂದು ಕಪ್ಪು ಹಕ್ಕಳೆ ಇಡಿ. ಸ್ಕ್ರಬ್ ಟೈಫಸ್. ಇಲ್ಲಿ ಎಡವಿದರೆ ನಷ್ಟ ದೊಡ್ಡದು. ಮಂಗನ ಕಾಯಿಲೆಗೆ ನೇರ ಔಷಧಿಯಿಲ್ಲ, ಆರೈಕೆಯೇ ಚಿಕಿತ್ಸೆ. ಸ್ಕ್ರಬ್ ಟೈಫಸ್‌ಗೆ ಡಾಕ್ಸಿಸೈಕ್ಲಿನ್ ಇದೆ, ಬೇಗ ಶುರುಮಾಡಿದರೆ ಸಾಮಾನ್ಯವಾಗಿ ಎರಡು ದಿನದಲ್ಲಿ ಜ್ವರ ಇಳಿಯುತ್ತದೆ. ಮಂಗನ ಕಾಯಿಲೆಯ ಗದ್ದಲದಲ್ಲಿ 'ಎಲ್ಲಾ ಜ್ವರವೂ ಅದೇ' ಎಂದು ಕಣ್ಣು ಮುಚ್ಚಿಕೊಂಡರೆ ವಾಸಿಯಾಗುವ ರೋಗ ಕೈತಪ್ಪುತ್ತದೆ. ಮೊದಲ ಊಹೆಗೇ ಅಂಟಿಕೊಂಡು ಬಾಗಿಲು ಹಾಕಿಬಿಡುವ ಈ ಚಾಳಿ ಹೊಸಬರಿಗಿಂತ ಹಳಬರಲ್ಲಿ ಕಡಿಮೆ ಅಂತೇನಿಲ್ಲ. ಹಾಗೇ ಇನ್ನೊಂದು ಮಾತು. ಯಾವ ಜ್ವರ ಎಂದು ಗೊತ್ತಾಗದ ಹೊತ್ತಿನಲ್ಲಿ ನೋವಿಗೆ ಡೈಕ್ಲೋಫಿನಾಕ್ ಇಂಜೆಕ್ಷನ್ ಕೊಡಿ ಅಂತ ಮನೆಯವರು ಒತ್ತಾಯಿಸುತ್ತಾರೆ. ಡೆಂಗಿ, ಮಂಗನ ಕಾಯಿಲೆ ಎರಡರಲ್ಲೂ ರಕ್ತಸ್ರಾವದ ಭಯ ಇರುವುದರಿಂದ ಪ್ಯಾರಾಸಿಟಮಾಲ್ ಮಾತ್ರ ಕೊಡಿ, ಅದನ್ನು ದಾಟಿ ಬೇರೆ ನೋವಿನ ಔಷಧಿಗೆ ಹೋಗಬೇಡಿ.

ಈ ಅಭ್ಯಾಸಕ್ಕೆ ಎದುರು ರೋಗಿ ಬೇಕಿಲ್ಲ, ಫೋನ್ ಸಾಕು. ಬೇಕಿರುವುದು ಬೆರಕೆ. 2003ರಲ್ಲಿ ಕೆನಡಾದಲ್ಲಿ ವಿದ್ಯಾರ್ಥಿಗಳಿಗೆ ಇಸಿಜಿ ಕಲಿಸುವಾಗ ಒಂದು ಪ್ರಯೋಗ ಮಾಡಿದರು. ಒಂದು ಗುಂಪು ಒಂದು ರೋಗದ ಇಸಿಜಿಗಳನ್ನೆಲ್ಲ ಮುಗಿಸಿ ಇನ್ನೊಂದಕ್ಕೆ ಹೋಯಿತು. ಮತ್ತೊಂದು ಗುಂಪಿಗೆ ಎಲ್ಲ ಕಲಸಿ ಕೊಟ್ಟರು. ಹೊಸ ಇಸಿಜಿ ಕೊಟ್ಟಾಗ ಕಲಸಿ ಕಲಿತವರೇ ಮುಂದೆ. ಈ ವಾರ ಡೆಂಗಿ, ಮುಂದಿನ ವಾರ ಇಲಿಜ್ವರ ಎಂದು ಪಾಠ ಕೇಳಿದರೆ ಆ ವಾರದ ಪ್ರತಿ ಕೇಸಿನ ಉತ್ತರವೂ ಮೊದಲೇ ಗೊತ್ತು. ನಿಮ್ಮ ಒ.ಪಿ.ಡಿ.ಯಲ್ಲಿ ವಾರಕ್ಕೊಂದು ರೋಗ ಬರುವುದಿಲ್ಲವಲ್ಲ.

ದೂರದಿಂದಲೇ ಇದನ್ನು ಕಲಿಸಿ ರೋಗಿಗಳಿಗೆ ಲಾಭವಾಯಿತು ಎನ್ನುವುದಕ್ಕೂ ಒಳ್ಳೆಯ ಉದಾಹರಣೆ ಇದೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಹೆಪಟೈಟಿಸ್ ಸಿ ರೋಗಿಗಳು ತಜ್ಞರಿಗಾಗಿ ತುಂಬಾ ದೂರ ಹೋಗಬೇಕಿತ್ತು. ಅಲ್ಲಿನ ವೈದ್ಯ ಸಂಜೀವ್ ಅರೋರಾ 2003ರಲ್ಲಿ ಪ್ರಾಜೆಕ್ಟ್ ಎಕೋ ಶುರುಮಾಡಿದರು. ಹಳ್ಳಿಗಳ ವೈದ್ಯರು, ನರ್ಸ್‌ಗಳು ವಿಡಿಯೊದಲ್ಲಿ ಸೇರಿ ತಮ್ಮದೇ ರೋಗಿಗಳ ಕೇಸ್ ಹೇಳಬೇಕು. ತಜ್ಞರು, ಉಳಿದವರು ಚರ್ಚಿಸಬೇಕು. ಚಿಕಿತ್ಸೆ ಮಾತ್ರ ಹಳ್ಳಿಯವರೇ ಕೊಡಬೇಕು. 2011ರಲ್ಲಿ ಫಲಿತಾಂಶ ಬಂತು. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 57.5 ಶೇಕಡಾ ರೋಗಿಗಳಿಗೆ ವೈರಸ್ ಹೋಗಿತ್ತು, ಎಕೋ ಸೇರಿದ ಕಡೆಗಳಲ್ಲಿ 58.2 ಶೇಕಡಾ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದೇ ಮಾದರಿಯಲ್ಲಿ ಮಾನಸಿಕ ಆರೋಗ್ಯ ಕಲಿಸುತ್ತಿದೆ. ಇಲ್ಲಿ ಯಾರೂ ರೆಕಾರ್ಡ್ ಮಾಡಿದ ವಿಡಿಯೊ ನೋಡಿ ಕಲಿತವರಲ್ಲ. ತಮ್ಮ ರೋಗಿ, ತಮ್ಮ ಊಹೆ, ಆಮೇಲೆ ಏನಾಯಿತು ಎಂಬ ಸುದ್ದಿ. ಮೂರೂ ಇದ್ದವು.

ಆ ಮೂರನೆಯದೇ ನಿಮ್ಮಂಥ ಕಡೆ ತಪ್ಪಿಹೋಗುವುದು. ಕಳಿಸಿದ ರೋಗಿ ಏನಾದರು? ಮತ್ತೆ ಬರಲಿಲ್ಲ ಅಂದರೆ ವಾಸಿಯಾಯಿತು ಅಂದುಕೊಳ್ಳುತ್ತೇವೆ. ಮಣಿಪಾಲಕ್ಕೆ ಹೋಗಿ ಐಸಿಯುನಲ್ಲಿ ಇರಬಹುದು. ಮಂಗನ ಕಾಯಿಲೆಯಲ್ಲಿ ಇದು ಇನ್ನೂ ಮೋಸ ಮಾಡುತ್ತದೆ. ಜ್ವರ ಬಿಟ್ಟು ಮನೆಗೆ ಹೋದ ಕೆಲವರಿಗೆ ಒಂದೆರಡು ವಾರದ ಮೇಲೆ ಮತ್ತೆ ಜ್ವರ, ತಲೆನೋವು, ಕೈನಡುಕ, ಗೊಂದಲ ಶುರುವಾಗುತ್ತದೆ. ಮೊದಲ ವಾರ ಮಾತ್ರ ನೋಡಿದವರ ತಲೆಯಲ್ಲಿ ಆ ರೋಗದ ಕಥೆ ಅರ್ಧಕ್ಕೇ ನಿಂತಿರುತ್ತದೆ. ಆದ್ದರಿಂದ ಒಂದು ನೋಟ್‌ಬುಕ್ ಇಡಿ. ಕಳಿಸುವ ಮುಂಚೆ ನಿಮ್ಮ ಊಹೆ ಎರಡು ಸಾಲು, ಯಾಕೆ ಅಂತ ಒಂದು ಸಾಲು. ಆಶಾ ಕಾರ್ಯಕರ್ತೆಗೆ ಹೇಳಿ ಮೂರನೇ ದಿನ, ಹತ್ತನೇ ದಿನ, ಮೂರು ವಾರಕ್ಕೆ ವಿಚಾರಿಸಿಕೊಳ್ಳಿ. ಡಿಸ್ಚಾರ್ಜ್ ಚೀಟಿ ಸಿಕ್ಕರೆ ಓದಿ ಪಕ್ಕದಲ್ಲಿ ಬರೆಯಿರಿ. ಬರೆಯುವುದು ಮೊದಲೇ ಆಗಬೇಕು. ಉತ್ತರ ಬಂದ ಮೇಲೆ 'ನಾನೂ ಅದನ್ನೇ ಅಂದುಕೊಂಡಿದ್ದೆ' ಎನ್ನುವುದು ಎಲ್ಲರ ಬಾಯಲ್ಲೂ ಸಲೀಸಾಗಿ ಬರುತ್ತದೆ. ಈಗೀಗ ಎಐ ಆ್ಯಪ್ ಕೇಳುವವರೂ ಇದ್ದಾರೆ. ಅದಕ್ಕೂ ಇದೇ ನಿಯಮ ಇಟ್ಟುಕೊಳ್ಳಿ. ಮೊದಲು ಅದನ್ನು ಕೇಳಿದರೆ ಅದು ಯೋಚಿಸುತ್ತದೆ, ನೀವಲ್ಲ. ರೋಗಿಯ ಹೆಸರು, ಫೋಟೊ ಅದಕ್ಕೆ ಕೊಡಲೇಬೇಡಿ.

ಫೋನಿನಿಂದ ಆಗದ ಕೆಲಸವೂ ಇದೆ. ಆ ಸಿಸ್ಟರ್ ಹೇಳಿದ್ದರಲ್ಲಿ ಅಷ್ಟು ಹುರುಳಿದೆ. ಬಿಗಿಯಾದ ಕುತ್ತಿಗೆ ಹೇಗಿರುತ್ತದೆ ಎಂದು ನಿಮ್ಮ ಕೈಗೆ ಗೊತ್ತಾಗಬೇಕು. ಊದಿದ ಗುಲ್ಮ ಬೆರಳಿಗೆ ತಾಗಬೇಕು. ಉಸಿರಾಟಕ್ಕೆ ಒದ್ದಾಡುವ ಮಗುವಿನ ಪಕ್ಕೆ ಒಳಸೇರುವುದನ್ನು ಹತ್ತಿರದಿಂದ ನೋಡಬೇಕು. ಕಾಮಾಲೆ ಟ್ಯೂಬ್‌ಲೈಟಿನಲ್ಲಿ ತಪ್ಪಿಹೋಗುತ್ತದೆ, ಹಗಲು ಬೆಳಕಿಗೆ ಕರೆದುಕೊಂಡು ಹೋಗಿ ನೋಡಬೇಕು. ಇವೆಲ್ಲ ಸರಿಯಾಗಿ ಸಿಗದಿದ್ದರೆ ಎಷ್ಟು ಚೆನ್ನಾಗಿ ಯೋಚಿಸಿದರೂ ಯೋಚನೆಗೆ ಸಿಗುವ ಸರಕೇ ತಪ್ಪಿರುತ್ತದೆ. ಇದೇ ಕಾರಣಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ತನ್ನ 2020ರ ನಿಯಮದಲ್ಲಿ ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿಯಂಥ ಪದವಿಗಳನ್ನು ದೂರಶಿಕ್ಷಣದಲ್ಲಿ, ಆನ್‌ಲೈನಿನಲ್ಲಿ ಕೊಡುವಂತಿಲ್ಲ ಎಂದಿದೆ. 2025ರಲ್ಲಿ ಮನಶ್ಶಾಸ್ತ್ರ, ಪೌಷ್ಟಿಕಾಂಶದಂಥ ವಿಷಯಗಳನ್ನೂ ಆ ಪಟ್ಟಿಗೆ ಸೇರಿಸಿತು. ಮನೆಯಲ್ಲೇ ಕೂತು ಎಂ.ಎಸ್ಸಿ. ನರ್ಸಿಂಗ್ ಮಾಡಿಸುತ್ತೇವೆ ಅಂತ ಯಾರಾದರೂ ಫೋನ್ ಮಾಡಿದರೆ ಅಲ್ಲೇ ಕಟ್ ಮಾಡಿ.

ಈಗ ನಿಮ್ಮ ದಾರಿಗಳು. ರೆಗ್ಯುಲರ್ ಎಂ.ಎಸ್ಸಿ. ಒಳ್ಳೆಯದೇ. ಆದರೆ ಎರಡು ವರ್ಷದ ಸಂಬಳ ಹೋಗುತ್ತದೆ. ಗುತ್ತಿಗೆ ಕೆಲಸವಾದರೆ ವಾಪಸ್ ಅದೇ ಜಾಗ ಸಿಗುವ ಖಾತ್ರಿಯಿಲ್ಲ. ಪಾಠ ಮಾಡುವ ಆಸೆ ಇದ್ದರೆ ಹೋಗಿ. ಜ್ವರದವರ ಮುಂದೆ ತಡವರಿಸುವುದನ್ನು ಬಿಡಿಸಿಕೊಳ್ಳಲು ಮಾತ್ರ ಹೋಗಬೇಡಿ. ಉಪಕೇಂದ್ರದಲ್ಲಿ ನಿಮಗೆ ದಿನಾ ಸಿಗುವಷ್ಟು ಮೊದಲ ನೋಟದ ರೋಗಿಗಳು ಅಲ್ಲಿ ಸಿಗುವುದಿಲ್ಲ.

ನಾನಾಗಿದ್ದರೆ ಮೊದಲು ವೈದ್ಯಾಧಿಕಾರಿಯನ್ನು ಕೇಳುತ್ತಿದ್ದೆ. ಎರಡು ವಾರ ತಾಲ್ಲೂಕು ಆಸ್ಪತ್ರೆಯ ಜ್ವರದ ವಾರ್ಡಿಗೆ, ಸಾಧ್ಯವಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ, ನಿಯೋಜನೆ ಮೇಲೆ ಕಳಿಸಿ ಅಂತ. ಸಿಗದೆಯೂ ಇರಬಹುದು, ಸಿಬ್ಬಂದಿ ಕೊರತೆ ಎಲ್ಲ ಕಡೆ ಇದೆ. ಆಗ ತಿಂಗಳಿಗೊಂದು ರಜೆ ದಿನ ಹೋಗಿ ನಿಲ್ಲಲು ಅನುಮತಿ ಕೇಳಿ. ಅದರ ಜೊತೆಗೆ ಅಕ್ಕಪಕ್ಕದ ನಾಲ್ಕೈದು ಸಮುದಾಯ ಆರೋಗ್ಯ ಅಧಿಕಾರಿಗಳು ಸೇರಿ ವಾರಕ್ಕೊಮ್ಮೆ ಕಾನ್ಫರೆನ್ಸ್ ಕಾಲ್ ಮಾಡಿ. ವಿಡಿಯೊ ಬೇಡ, ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ, ಟವರೂ ಇರುವುದಿಲ್ಲ. ಸಾದಾ ಕರೆಗೆ ಸಿಗ್ನಲ್ ಸಾಕು. ಒಬ್ಬರು ಕೇಸ್ ಹೇಳುತ್ತಾ ಮಧ್ಯೆ ನಿಲ್ಲಿಸಬೇಕು. ಉಳಿದವರು ಊಹೆ ಬರೆದುಕೊಂಡು ಆಮೇಲೆ ಓದಬೇಕು. ಬರೆಯದೆ ಮಾತಾಡಿದರೆ ಮೊದಲು ಬಾಯಿಬಿಟ್ಟವರ ಹಿಂದೆ ಎಲ್ಲರೂ ಹೋಗುತ್ತೀರಿ. ತಿಳಿದವರು ಒಬ್ಬರು ಇರಲೇಬೇಕು. ಇಲ್ಲದಿದ್ದರೆ ತಪ್ಪನ್ನೇ ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತೀರಿ, ಇದು ಸಣ್ಣ ಅಪಾಯ ಅಲ್ಲ. ವೈದ್ಯಾಧಿಕಾರಿಗೆ ಬಿಡುವಿಲ್ಲ ಅಂದರೆ ತಿಂಗಳಿಗೆರಡು ಸಲ ಅರ್ಧ ಗಂಟೆ ಕೇಳಿ, ಅಷ್ಟಕ್ಕೆ ಬಹಳಷ್ಟು ಮಂದಿ ಒಪ್ಪುತ್ತಾರೆ. ವಾಟ್ಸಾಪ್ ಗ್ರೂಪಿಗೆ ರೋಗಿಯ ಮುಖ, ಹೆಸರು, ಊರು ಹಾಕಬೇಡಿ. ಸಣ್ಣ ಊರಿನಲ್ಲಿ 'ತೋಟದ ಮನೆಯ ಹೆಂಗಸು' ಅಂದರೂ ಯಾರು ಎಂದು ತಿಳಿದುಬಿಡುತ್ತದೆ.

ಆ ಆರು ತಿಂಗಳ ಕೋರ್ಸನ್ನು ನಾನು ನೋಡಿಲ್ಲ, ಹಾಗಾಗಿ ಕೆಟ್ಟದು ಅನ್ನಲಾರೆ. ಸರ್ಟಿಫಿಕೇಟಿನಿಂದ ನಿಮ್ಮ ಹುದ್ದೆಯ ಅಧಿಕಾರ ಏನೂ ಹೆಚ್ಚುವುದಿಲ್ಲ, ನೀವು ಕೊಡಬಹುದಾದ ಔಷಧಿಗಳ ಪಟ್ಟಿಯೂ ಬದಲಾಗುವುದಿಲ್ಲ ಎನ್ನುವುದು ತಲೆಯಲ್ಲಿರಲಿ. ದುಡ್ಡು ಕಟ್ಟುವ ಮುಂಚೆ ಒಂದು ಡೆಮೊ ಕ್ಲಾಸ್ ಕೇಳಿ. ಅದರಲ್ಲಿ ನಿಮ್ಮದೇ ಒಂದು ಕೇಸ್ ಹೇಳಲು ಅವಕಾಶ ಕೊಡುತ್ತಾರಾ ನೋಡಿ. ಹೇಳಿದ ಮೇಲೆ ಪಾಠ ಮಾಡುವವರು ನೇರ ಸ್ಲೈಡಿಗೆ ಹೋಗುತ್ತಾರಾ, 'ನಿಮಗೇನು ಅನ್ನಿಸಿತು, ಯಾಕೆ' ಎಂದು ಕೇಳುತ್ತಾರಾ? ಕೇಳಿದರೆ, ಕಂತಿನಲ್ಲಿ ಕಟ್ಟಬಹುದಾ ಅಂತ ವಿಚಾರಿಸಿ. ಸ್ಲೈಡಿಗೆ ಹೋದರೆ ಆ ದುಡ್ಡಿನಲ್ಲಿ ಒಂದು ಒಳ್ಳೆಯ ಪಲ್ಸ್ ಆಕ್ಸಿಮೀಟರ್, ಒಂದು ಟಾರ್ಚು, ಹೊಸನಗರಕ್ಕೆ ಹೋಗಿಬರುವ ಬಸ್ ಚಾರ್ಜು ಬರುತ್ತದೆ.